ಮಾವನ ಕತೆಯಲ್ಲಿ ಇಲ್ಲದ ಗಾರ್ಡ್

ಹೋದ ವಾರ ಶಹಾಪುರದ ಸಂತೆಯಿಂದ ಕೊತ್ತಂಬರಿ, ಮೆಂತ್ಯೆ ಕಟ್ಟಿಸಿಕೊಂಡು ನನ್ನ ಖಾನಾವಳಿಗೆ ಹೊರಟಿದ್ದೆ. ದಾರಿಯ ಬೇವಿನ ಮರದ ಕೆಳಗೆ ಒಬ್ಬ ಎತ್ತನ್ನು ಕೆಡವಿ, ಅದರ ಕೊಂಬು ಹೆರೆಯುತ್ತಿದ್ದ. ಸೊಟ್ಟ ಬೆಳೆದಿದ್ದ ತುದಿಯನ್ನು ಕಾದ ಕಬ್ಬಿಣದಿಂದ ತಿದ್ದುತ್ತಿದ್ದನೆಂದು ಕಾಣುತ್ತದೆ. ತೆಳ್ಳಗೆ ಹೊಗೆ ಎದ್ದಿತು. ಅದರ ಹಿಂದೆಯೇ ಆ ವಾಸನೆ ಬಂತು, ಉಗುರು ಸುಟ್ಟಂಥ, ಕೂದಲು ಸುಟ್ಟಂಥ ವಾಸನೆ. ನಾನು ನಿಂತುಬಿಟ್ಟೆ.

"ಯಾಕ್ರಿ ಸಾವಕಾರ್ರ, ಎತ್ತ ಖರೀದಿ ಮಾಡವ್ರೇನು?" ಎಂದ ಅವನು. ಅಲ್ಲ ಎಂದು ಕೈಯಾಡಿಸಿ ಮುಂದೆ ನಡೆದೆ. ಆದರೆ ಖಾನಾವಳಿಗೆ ಬಂದು ಒಲೆ ಹಚ್ಚಿದರೂ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ಅದರ ಜೊತೆಗೆ ಮಾವನೂ.

ಆ ವಾಸನೆಯನ್ನು ನಾನು ಮೊದಲು ಕಂಡದ್ದು ಈ ನಾಡಿನಲ್ಲಲ್ಲ. ದಕ್ಷಿಣ ಆಫ್ರಿಕಾದ ಒಂದು ಖಾಸಗಿ ವನ್ಯಧಾಮದಲ್ಲಿ. ಅಲ್ಲಿನ ಸಫಾರಿ ವಸತಿಗೃಹದ ಅಡುಗೆಮನೆಯಲ್ಲಿ ಮಾವ ದೊಡ್ಡ ಅಡುಗೆಯವನು, ನಾನು ಅವನ ಕೈಕೆಳಗಿನವನು. ಕಳ್ಳಬೇಟೆಗಾರರು ಕೊಂಬಿಗಾಗಿ ಖಡ್ಗಮೃಗಗಳನ್ನು ಕೊಲ್ಲುವುದು ಹೆಚ್ಚಾದ ಮೇಲೆ, ಕೊಂಬನ್ನೇ ಮೊದಲೇ ಕೊಯ್ದು ತೆಗೆದುಬಿಟ್ಟರೆ ಪ್ರಾಣಿ ಬದುಕಿಕೊಳ್ಳುತ್ತದೆಂದು ಡಾಕ್ಟರರು ಬಂದಿದ್ದರು. ಮತ್ತಿನ ಮದ್ದು ಹೊಡೆದು ಕೆಡವಿದ ಒಂದು ಗಂಡು ಖಡ್ಗಮೃಗದ ಕಣ್ಣಿಗೆ ಬಟ್ಟೆ ಕಟ್ಟಿ, ಮರ ಕೊಯ್ಯುವ ಯಂತ್ರದಿಂದ ಕೊಂಬು ಕೊಯ್ಯುತ್ತಿದ್ದರು. ಅವರಿಗೆಲ್ಲ ಚಹಾ ಕೊಡಲು ನಾನೂ ಮಾವನೂ ಹೋಗಿದ್ದೆವು. ಬಿಳಿಯ ಪುಡಿ ಹಾರುತ್ತಿತ್ತು. ಅದೇ ವಾಸನೆ.

"ಉಗುರು ಇದ್ದಂಗ ನೋಡು ಅಳಿಯಾ," ಎಂದಿದ್ದ ಮಾವ, ಕೆಟಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ. "ತಗದ್ರ ನೋವಾಗಂಗಿಲ್ಲ, ಮತ್ತ ಬೆಳೀತದ. ಇಷ್ಟಕ್ಕ ಮಂದಿ ಜೀವ ತಗೀತಾರ. ಹುಚ್ಚರು."

ಹಾಗೆ ಅಂದವನು ಅವನೇ. ನಾನು ಕಿವಿಯಾರೆ ಕೇಳಿದ್ದೇನೆ.

ಮಾವ ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಅವರದು ಸುರಪುರದ ಕಡೆಯ ಕುರಿ ಕಾಯುವ ಮನೆತನ. ಬಂಡೆಗಳ ನಡುವೆ ಒಂದಿಷ್ಟು ಒಣಬೇಸಾಯದ ಹೊಲ, ಒಂದು ಹಿಂಡು ಕುರಿ. ಮಾವನಿಗೆ ಕುರಿಯ ಹಿಂದೆ ಅಲೆಯುವುದು ಒಗ್ಗಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕಲು ನಿಂತ. ಅಲ್ಲಿಂದ ಒಲೆಯ ಮುಂದಕ್ಕೆ ಬಂದ. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಒಬ್ಬ ಗುಜರಾತಿ ಸೇಠರು ಇವನ ಕೈರುಚಿ ಮೆಚ್ಚಿ ಆಫ್ರಿಕಾಕ್ಕೆ ಕರೆದೊಯ್ದರು. ಅವರ ಬಂಧುಗಳದ್ದೇ ಆ ವಸತಿಗೃಹ. ಸಿಂಹ, ಆನೆ ನೋಡಲು ನಮ್ಮ ದೇಶದಿಂದ ಬರುವ ಮಂದಿಗೆ ಅಲ್ಲಿನ ಮಾಂಸದೂಟ ಸೇರುತ್ತಿರಲಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ಮುಟ್ಟದವರು ಬರುತ್ತಿದ್ದರು. ಅಂಥವರಿಗೆ ಅಡುಗೆ ಮಾಡಿ ಹಾಕುವವನು ಸುರಪುರದ ಕುರುಬರ ಹುಡುಗ.

ಊರಿಗೆ ಬಂದಾಗ ಮಾವ ನಮ್ಮ ಮನೆಗೆ ತಪ್ಪದೆ ಬರುತ್ತಿದ್ದ. ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ, "ಇವತ್ತೊಂದಿನ ಕುಂತು ಉಣ್ಣಕ್ಕಾ" ಎಂದು ತಾನೇ ಅಡುಗೆಗೆ ನಿಲ್ಲುತ್ತಿದ್ದ. ಅವ್ವ ಕೈ ಏನು ಮಾಡಬೇಕೆಂದು ತಿಳಿಯದೆ ಸೆರಗು ಹಿಂಡುತ್ತ ಕೂರುತ್ತಿದ್ದಳು. ಅವಳನ್ನು ಕೂರಿಸಿ ಬಡಿಸಿದವರು ಅವಳ ಜೀವಮಾನದಲ್ಲಿ ಅವನೊಬ್ಬನೇ ಇರಬೇಕು…

ಹತ್ತನೆಯ ತರಗತಿಯಲ್ಲಿ ನಾನು ಫೇಲಾದಾಗ ಎಲ್ಲರೂ ಬೈದರು. ಮಾವ ಮಾತ್ರ ಹೈದರಾಬಾದಿನ ತನ್ನ ಹಳೆಯ ಹೋಟೆಲಿಗೆ ನನ್ನನ್ನು ಸೇರಿಸಿದ. ಕೆಲವು ವರ್ಷಗಳ ಮೇಲೆ ತನ್ನ ಬಳಿಗೇ ಕರೆಸಿಕೊಂಡ. ಒಗ್ಗರಣೆಯ ಸಪ್ಪಳ ಕೇಳಿಯೇ ಸಾಸಿವೆ ಸಿಡಿದದ್ದು ಸಾಕೋ ಸಾಲದೋ ಹೇಳುವುದು, ಬೇಳೆಯನ್ನು ಬೆರಳಿಂದ ಮುಟ್ಟದೆ ಹದ ನೋಡುವುದು, ಸಿಟ್ಟು ಬಂದಾಗ ಉಪ್ಪಿನ ಡಬ್ಬಿಯನ್ನು ಮುಟ್ಟದಿರುವುದು, ಎಲ್ಲ ಅವನೇ ಕಲಿಸಿದ್ದು. ಇವತ್ತು ನನ್ನ ಖಾನಾವಳಿಯ ಊಟ ಚಲೋ ಅದ ಎನ್ನುವವರು ಉಣ್ಣುವುದು ಮಾವನ ಕೈಯ ಊಟವನ್ನೇ.

ಅಲ್ಲಿನ ದಿನಗಳು ಬೆಳಕಾಗುವ ಮೊದಲೇ ಶುರುವಾಗುತ್ತಿದ್ದವು. ಮೇಲ್ಭಾಗ ತೆರೆದ ಜೀಪುಗಳಲ್ಲಿ ಅತಿಥಿಗಳು ಕಂಬಳಿ ಹೊದ್ದು ಕೂರುತ್ತಿದ್ದರು. ನಾವು ಫ್ಲಾಸ್ಕಿಗೆ ಚಹಾ ತುಂಬಿ, ಗುಜರಾತಿಗಳ ಗರಿಗರಿ ಖಾಕರಾ ರೊಟ್ಟಿ ಕಟ್ಟಿ ಕೊಡುತ್ತಿದ್ದೆವು. ನಿಲ್ಲಬೇಡಿ, ಕೂಗಬೇಡಿ, ಕೈ ಹೊರಗೆ ಚಾಚಬೇಡಿ ಎಂದು ಗೈಡ್ ಹೇಳುತ್ತಿದ್ದ. ಜೊತೆಗೆ ಇನ್ನೊಂದು ಮಾತು: ಖಡ್ಗಮೃಗ ಕಂಡರೆ ಎಲ್ಲಿ ಕಂಡಿತೆಂದು ಯಾರಿಗೂ ಹೇಳಬೇಡಿ, ಫೋಟೋ ಹಾಕಿದರೂ ಜಾಗ ತಿಳಿಯದಂತೆ ಹಾಕಿ. ನೋಡಿ ಹೋಗುವವರ ಫೋಟೋಗಳನ್ನೇ ಹಿಡಿದು ಕೊಲ್ಲುವವರು ಬರುತ್ತಾರೆ ಎಂದು. ಅತಿಥಿಗಳು ಭಕ್ತಿಯಿಂದ ತಲೆಯಾಡಿಸುತ್ತಿದ್ದರು.

ಕೆಲಸದವರನ್ನೂ ಒಮ್ಮೊಮ್ಮೆ ಖಾಲಿ ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ನಾನು ಒಂದು ಹೆಣ್ಣು ಖಡ್ಗಮೃಗವನ್ನು ನೋಡಿದ್ದು ಹಾಗೆ. ಕೆಸರು ಬಳಿದುಕೊಂಡು ಜಾಲಿಮರದ ನೆರಳಿನಲ್ಲಿ ನಿಂತಿತ್ತು. ಕೆರೆಯಿಂದ ಎದ್ದು ಬಂದ ನಮ್ಮ ಎಮ್ಮೆಯಂತೆಯೇ. ಕಿವಿಗಳು ಮಾತ್ರ ಸುಮ್ಮನಿರಲಿಲ್ಲ, ಒಂದು ಈ ಕಡೆ, ಒಂದು ಆ ಕಡೆ. ಮಗ್ಗುಲಲ್ಲಿ ಮರಿ. ಕೊಂಬು ನನ್ನ ತೋಳಿನಷ್ಟು ಉದ್ದವಿತ್ತು. ಮರಿ ತೀರ ಎಳೆಯದೆಂದು ಡಾಕ್ಟರರು ಆ ಸಲ ಅದನ್ನು ಮುಟ್ಟದೆ ಬಿಟ್ಟಿದ್ದರು. ಬಿಟ್ಟದ್ದು ಮಾಲಕರಿಗೂ ಬೇಸರವೇನಿರಲಿಲ್ಲ ಎಂದು ಕಾಣುತ್ತದೆ. ಅಷ್ಟು ದೂರದಿಂದ ಬರುವವರಿಗೆ ಕೊಂಬಿರುವ ಖಡ್ಗಮೃಗವೇ ಬೇಕಲ್ಲ. ಆ ಹೆಣ್ಣು ಮೃಗವನ್ನು ನಾವು ಅಡುಗೆಮನೆಯವರು 'ಮುದುಕಿ' ಎನ್ನುತ್ತಿದ್ದೆವು.

ಇನ್ನು ಗಾರ್ಡ್. ಮೃಗಗಳನ್ನು ಕಾಯುವ ಬಂದೂಕಿನ ಪಡೆಯಲ್ಲಿದ್ದವನು. ಎತ್ತರದ ಆಳು, ಹತ್ತಿರದ ಹಳ್ಳಿಯವನು. ಪಾಳಿಗೆ ಹೋಗುವ ಮೊದಲು ಅಡುಗೆಮನೆಯ ಹಿಂಬಾಗಿಲಿಗೆ ಬರುತ್ತಿದ್ದ. ಅಲ್ಲಿನ ಪೇಟೆಯಲ್ಲಿ ಜೋಳದ ಹಿಟ್ಟು ಸಿಗುತ್ತಿತ್ತು, ಅವರು ಅದರಿಂದ ಅಂಬಲಿ ಕಾಯಿಸುತ್ತಾರೆ. ಮಾವ ಅದೇ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿಯುತ್ತಿದ್ದ. ಕೆಂಪು ಹಿಟ್ಟು, ಬದಿಯೆಲ್ಲ ಬಿರುಕು ಬಿಡುತ್ತಿತ್ತು, ಆದರೂ ರೊಟ್ಟಿಯೇ. ಗಾರ್ಡ್ ಅದನ್ನು ಶೇಂಗಾಹಿಂಡಿ ಚಟ್ನಿಯ ಜೊತೆ ತಿಂದು, ತಮ್ಮ ಅಜ್ಜಿ ಬೀಸುತ್ತಿದ್ದ ಹಿಟ್ಟಿನದೇ ರುಚಿ ಎಂದಿದ್ದ. ಅಂದಿನಿಂದ ಅವನ ರೊಟ್ಟಿ ಅವನಿಗೆ ಮೀಸಲು.

ನಾನು ಮಾವ ಎನ್ನುವುದನ್ನು ಕೇಳಿ ಅವನೂ ಹಾಗೇ ಕರೆಯತೊಡಗಿದ. ಬಾಗಿಲಲ್ಲಿ ಬಂದೂಕು ಒರಗಿಸಿ, "ಮಾವಾ, ರೊಟ್ಟಿ ಅದ ಏನು?" ಎನ್ನುತ್ತಿದ್ದ. ನಾನೇ ಕಲಿಸಿದ ಮಾತು. ಅವನ ಬಾಯಲ್ಲಿ ರೊಟ್ಟಿ 'ಲೊಟ್ಟಿ'ಯಾಗಿ ನಾವಿಬ್ಬರೂ ನಗುತ್ತಿದ್ದೆವು. ಉಳಿದಂತೆ ಮಾವನೂ ಅವನೂ ಮುರುಕು ಹಿಂದಿ, ಮುರುಕು ಇಂಗ್ಲಿಷ್, ಅವನ ಭಾಷೆಯ ನಾಲ್ಕು ಮಾತು ಬೆರೆಸಿ ಹರಟುತ್ತಿದ್ದರು. ಮಾವನಿಗೆ ಜ್ವರ ಬಂದಾಗ ತನ್ನ ಊರಿನಿಂದ ಯಾವುದೋ ಬೇರು ತಂದು ಕುದಿಸಿ ಕುಡಿಸಿದವನು ಅವನು…

ಆ ವರ್ಷ ಮಾವ ಬದಲಾಗುತ್ತಿದ್ದ. ರಜೆಯ ದಿನ ಒಬ್ಬನೇ ಪೇಟೆಗೆ ಹೋಗುತ್ತಿದ್ದ. ಅಲ್ಲಿ ಮೊಬೈಲ್ ಅಂಗಡಿಯ ಒಬ್ಬನ ಗೆಳೆತನವಾಗಿತ್ತು, ಅವನಿಗೆ ಹಿಂದಿ ಬರುತ್ತಿತ್ತು. ಮಾವ ಸುರಪುರದಲ್ಲಿ ತನ್ನದೇ ಹೋಟೆಲ್ ತೆರೆಯುವ ಮಾತಾಡುತ್ತಿದ್ದ. ಮೇಲೆ ಮನೆ, ಕೆಳಗೆ ಹೋಟೆಲ್, ಬಾಗಿಲಲ್ಲಿ ತನ್ನ ಹೆಸರಿನ ಬೋರ್ಡ್. "ಎಷ್ಟ ವರ್ಷ ಮಂದಿ ಒಲಿ ಮುಂದ ಬೇಯೂದು?" ಎನ್ನುತ್ತಿದ್ದ. ಅದರಲ್ಲಿ ಕೆಟ್ಟದ್ದೇನೂ ನನಗೆ ಕಾಣಲಿಲ್ಲ. ನನಗೂ ಅದೇ ಆಸೆಯಿತ್ತು.

ಒಂದು ಮಧ್ಯಾಹ್ನ ಗಾರ್ಡ್ ಪಾಳಿ ಮುಗಿಸಿಕೊಂಡು ರೊಟ್ಟಿಗೆ ಬಂದಾಗ ಮಾವ ಕೇಳಿದ, "ನಮ್ಮ ಮುದುಕಿ ಹ್ಯಾಂಗ ಅದಾಳ?" ಮರಿಯ ಕಾಲಿಗೆ ಏನೋ ಆಗಿದೆ, ಕುಂಟುತ್ತಿದೆ, ಹಾಗಾಗಿ ತಾಯಿ ಕದಲುತ್ತಿಲ್ಲ ಎಂದ ಗಾರ್ಡ್. ಒಣಹಳ್ಳದ ಆಚೆ, ಕೆಂಪು ಬಂಡೆಯ ಕೆಳಗೆ ಎಂದು ಗದ್ದದಿಂದ ಆ ದಿಕ್ಕು ತೋರಿಸಿದ. ಮುಂದಿನ ವಾರ ಡಾಕ್ಟರರು ಬಂದು ಇದರ ಕೊಂಬನ್ನೂ ತೆಗೆಯುತ್ತಾರೆ, ಆಮೇಲೆ ನಮಗೆಲ್ಲ ನಿದ್ದೆ ಎಂದು ನಕ್ಕ. ಜಾಗದ ಮಾತನ್ನು ಅವನು ಬೇರೆ ಯಾರ ಮುಂದೆಯೂ ಆಡುತ್ತಿರಲಿಲ್ಲ. ಮಾವನೆಂದು ಆಡಿದ.

ಅವನು ಹೋದ ಮೇಲೆ ನಾನು ಗ್ಯಾಸಿನ ಸಿಲಿಂಡರ್ ತರಲು ಹಿತ್ತಿಲಿಗೆ ಹೋದೆ. ಗೋಡೆಯ ಆಚೆ ಮಾವ ಫೋನಿನಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದ. ಕೆಂಪು ಬಂಡೆ ಎಂದದ್ದು ಕೇಳಿಸಿತು. ಮುಂದಿನ ವಾರ ಎಂದದ್ದೂ ಕೇಳಿಸಿತು. ಗೆಳೆಯನ ಜೊತೆ ಹರಟೆ ಎಂದುಕೊಂಡು ಸಿಲಿಂಡರ್ ಉರುಳಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಜೀಪುಗಳು ಹೊರಡಲಿಲ್ಲ. ದಾರಿ ಕೆಟ್ಟಿದೆ ಎಂದು ಅತಿಥಿಗಳಿಗೆ ಹೇಳಿದರು. ಅಡುಗೆಮನೆಗೆ ಬಂದ ಮ್ಯಾನೇಜರರ ಮುಖ ಬೂದಿಯಾಗಿತ್ತು. ಕಾಡಿನೊಳಗೆ ಪೊಲೀಸರಿದ್ದಾರೆ, ಚಹಾ ಬೇಕು ಎಂದರು. ನಾನು ಹೋದೆ.

ಕೆಂಪು ಬಂಡೆಯ ಕೆಳಗೆ ಮುದುಕಿ ಮಗ್ಗುಲಾಗಿ ಬಿದ್ದಿತ್ತು. ಮುಖ ಇರಲಿಲ್ಲ. ಕೊಂಬಿನ ಬುಡವನ್ನೂ ಬಿಡದಂತೆ ಕೊಡಲಿಯಿಂದ ಕಡಿದಿದ್ದರು. ಸ್ವಲ್ಪ ದೂರದಲ್ಲಿ ಒಂದು ಹಸಿರು ತಾಡಪಾಲು ಹೊದಿಸಿದ್ದರು, ಅದರ ಕೆಳಗಿಂದ ಬೂಟುಗಳು ಕಾಣುತ್ತಿದ್ದವು. ಆ ಬೂಟುಗಳನ್ನು ನಾನು ದಿನಾ ನಮ್ಮ ಹಿಂಬಾಗಿಲಲ್ಲಿ ನೋಡುತ್ತಿದ್ದೆ. ಮರಿ ತಾಯಿಯ ಹೊಟ್ಟೆಗೆ ಮೂತಿ ತಿವಿಯುತ್ತ ಕೂಗುತ್ತಿತ್ತು. ಅಷ್ಟು ದೊಡ್ಡ ಪ್ರಾಣಿಯ ಮರಿ, ಕೂಗು ಮಾತ್ರ ಸಣ್ಣ ಪೀಪಿಯಂತೆ ಕೀಚಲು. ಅದೊಂದೇ ಸಪ್ಪಳ.

ಹಿಂತಿರುಗಿದಾಗ ಮಾವ ಪೂರಿ ಕರಿಯುತ್ತಿದ್ದ. ಕಂಡದ್ದನ್ನೆಲ್ಲ ಹೇಳಿದೆ. ಮರಿ ಹೇಗೆ ಕೂಗುತ್ತಿತ್ತೆಂದು, ತಲೆ ಕೆಟ್ಟವನ ಹಾಗೆ, ಕೂಗಿಯೇ ತೋರಿಸಿದೆ. ಗಾರ್ಡ್ ಎಂದ ಕೂಡಲೇ ಮಾವ ತಿರುಗಿದ.

"ಯಾವ ಗಾರ್ಡ್?"

"ನಮ್ಮಾಂವ, ಮಾವ. ರೊಟ್ಟಿಗಿ ಬರಾಂವ."

"ನಿನ್ನಿ ರಾತ್ರಿ ಅವನ ಪಾಳಿ ಇರಲಿಲ್ಲಲ್ಲ!"

ಜೊತೆಯವನ ಕೂಸಿಗೆ ಹುಷಾರಿಲ್ಲವೆಂದು ಪಾಳಿ ಬದಲಿಸಿಕೊಂಡಿದ್ದನಂತೆ ಎಂದೆ. ಮಾವ ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡ. ಆಮೇಲೆ ಎಣ್ಣೆಯಲ್ಲಿ ಕಪ್ಪಾಗುತ್ತಿದ್ದ ಪೂರಿಯನ್ನು ತೆಗೆದ. ದುಃಖ ಎಂದುಕೊಂಡೆ. ದುಃಖವೇ ಅದು. ಬರೀ ದುಃಖ ಅಲ್ಲವೆಂದು ತಿಳಿಯಲು ನನಗೆ ಇನ್ನೂ ಹೊತ್ತು ಬೇಕಾಯಿತು.

ಪೊಲೀಸರು ಗೈಡನನ್ನು ಹಿಡಿದರು. ಕೊನೆಯ ಸಲ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದವನು ಅವನು, ಜಾಗ ಗೊತ್ತಿದ್ದವನು ಅವನು. ಒಳಗಿನವರು ಹೇಳದೆ ಇದು ಆಗಲು ಸಾಧ್ಯವಿಲ್ಲ ಎನ್ನುವುದು ಎಲ್ಲರಿಗೂ ತಿಳಿದಿತ್ತು. ಗೈಡನ ಹೆಂಡತಿ ಬಂದು ಗೇಟಿನ ಮರದ ಕೆಳಗೆ ಕುಳಿತಳು, ಕಂಕುಳಲ್ಲಿ ಕೂಸು. ಅಳಲಿಲ್ಲ, ಕೂಗಲಿಲ್ಲ. ಬರುವ ಹೋಗುವ ಜೀಪುಗಳನ್ನು ನೋಡುತ್ತ ಸುಮ್ಮನೆ ಕುಳಿತಿದ್ದಳು. ಮಾರನೆಯ ದಿನವೂ ಬಂದಳು.

ಮಾವ ರೊಟ್ಟಿ ಬಡಿದು, ಪಲ್ಯ ಹಾಕಿ, ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟ. "ಪಾಪ, ಹಸದಿರಬೇಕು. ಕೊಟ್ಟು ಬಾ ಅಳಿಯಾ."

ಆ ಗಂಟು ಬಿಸಿಯಾಗಿತ್ತು. ಅದನ್ನು ಹಿಡಿದು ಬಾಗಿಲತನಕ ಹೋದೆ. ಗೋಡೆಯ ಆಚೆಗಿನ ಆ ಫೋನು, ಆ ಕೆಂಪು ಬಂಡೆ, 'ಅವನ ಪಾಳಿ ಇರಲಿಲ್ಲಲ್ಲ' ಎಂದ ಆ ದನಿ… ಎಲ್ಲ ಒಟ್ಟಿಗೆ ಬಂದು ನಿಂತವು. ಗಾರ್ಡನ ಪಾಳಿಯನ್ನು ಅವನು ಅಷ್ಟು ಖಚಿತವಾಗಿ ಯಾಕೆ ತಿಳಿದಿಟ್ಟುಕೊಂಡಿದ್ದ? ತಿರುಗಿ ಬಂದೆ.

"ಮಾವ, ಅವತ್ತ ಮಧ್ಯಾಹ್ನ ಯಾರಿಗಿ ಫೋನ್ ಮಾಡಿದ್ದಿ?"

"ಯಾವತ್ತ?"

"ಗಾರ್ಡ್ ಕೆಂಪ ಬಂಡಿ ಅಂದ ದಿನ."

ಮಾವ ಕೈಯ ಹಿಟ್ಟನ್ನು ಪರಾತದ ಅಂಚಿಗೆ ಉಜ್ಜಿ ಉಜ್ಜಿ ತೆಗೆದ. ಸುಳ್ಳು ಹೇಳುತ್ತಾನೆಂದು ಕಾಯುತ್ತಿದ್ದೆ. ಹೇಳಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಅವನು ಹೇಳಲಿಲ್ಲ.

"ಒಂದು ಮೃಗದ ಕೊಂಬು ಅಳಿಯಾ. ಡಾಕ್ಟರ್ರು ಹ್ಯಾಂಗೂ ಕೊಯ್ಯವ್ರೇ ಇದ್ರು. ನಾವು ಕುರಿ ಕಾದ ಮಂದಿ, ದಿನಾ ಎಷ್ಟ ಕುರಿ ಕೊಯ್ಯೂದು ನೋಡೀವಿ. ಯಾರರ ಅತ್ತಾರೇನು?"

"ಗಾರ್ಡ್ ಕುರಿ ಅಲ್ಲ ಮಾವ."

"ಅಂವ ಅಲ್ಲಿ ಇರ್ತಾನಂತ ನನಗ ಹ್ಯಾಂಗ ಗೊತ್ತಾಗಬೇಕು? ಅವನ ಪಾಳಿ ಇಲ್ಲದ ದಿನಾ ನೋಡೇ ಹೇಳಿದ್ದೆ."

"ಮತ್ಯಾರದರ ಪಾಳಿ ಇತ್ತಲ್ಲ."

ಒಲೆಯ ಮೇಲಿದ್ದ ರೊಟ್ಟಿ ಸುಟ್ಟು ಹೊಗೆಯಾಡಿತು. ಇಬ್ಬರೂ ಅದನ್ನು ತೆಗೆಯಲಿಲ್ಲ.

"ಹೊರಗ ಆ ಹೆಣ್ಮಗಳು ಕುಂತಾಳ," ಎಂದೆ. "ನೀನೇ ಹೋಗಿ ಮ್ಯಾನೇಜರಗ ಹೇಳು. ನೀ ಹೇಳಿದ್ರ ಅದರ ಮಾತೇ ಬ್ಯಾರೆ."

"ಹೇಳ್ತೀನಿ. ನಾಳಿ ಹೇಳ್ತೀನಿ."

ನಾಳೆ ಬಂತು. ಅವನು ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ಅವಳಿಗೆ ರೊಟ್ಟಿ ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಮತ್ತೂ ಒಂದು ಬೆಳಿಗ್ಗೆ ಆ ಗಂಟು ನನ್ನ ಕೈಗೆ ಬಂದಾಗ, ಅದನ್ನು ಕಟ್ಟೆಯ ಮೇಲಿಟ್ಟು ನೆಟ್ಟಗೆ ಮ್ಯಾನೇಜರರ ಕೋಣೆಗೆ ಹೋದೆ. ನನ್ನ ಇಂಗ್ಲಿಷ್ ಅರ್ಧಂಬರ್ಧ. ನಮ್ಮ ಮಾವ ಎನ್ನುವುದನ್ನು ಮಾತ್ರ ಅವರು ಎರಡೆರಡು ಸಲ ಕೇಳಿದರು. ನಿನ್ನ ಸ್ವಂತ ಮಾವನೇ? ಹೌದು, ಸ್ವಂತ ಮಾವ. ತಾಯಿಯ ತಮ್ಮ.

ಊಟದ ಹೊತ್ತಿಗೆ ಪೊಲೀಸರು ಬಂದರು. ಮಾವ ಸಾರು ಕುದಿಸುತ್ತಿದ್ದ. ಅವರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಸೌಟನ್ನು ತೊಳೆದು ಅದರ ಜಾಗದಲ್ಲಿ ತೂಗುಹಾಕಿದ. ಬಾಗಿಲು ದಾಟುವಾಗ ತಿರುಗಿ ಹೇಳಿದ್ದು ಇಷ್ಟೇ:

"ಒಲಿ ಸಣ್ಣ ಮಾಡು ಅಳಿಯಾ. ತಳ ಹತ್ತತದ."

ಒಲೆ ಸಣ್ಣ ಮಾಡಿದೆ. ಆ ದಿನ ಅತಿಥಿಗಳಿಗೆ ಆ ಸಾರನ್ನೇ ಬಡಿಸಿದೆ. ಬಹಳ ಚೆನ್ನಾಗಿದೆ ಎಂದರು.

ಮೊಬೈಲ್ ಅಂಗಡಿಯವನು ಸಿಕ್ಕಿಬಿದ್ದ, ಅವನ ಹಿಂದಿನವರು ಸಿಗಲಿಲ್ಲ. ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಿದೆ. ಮಾವ ನನ್ನತ್ತ ನೋಡಲಿಲ್ಲ. ಅವನಿಗೆ ವರ್ಷಗಟ್ಟಲೆ ಜೈಲಾಯಿತು. ಗೈಡ್ ಬಿಡುಗಡೆಯಾಗಿ ಬಂದು ನನ್ನ ಕೈ ಹಿಡಿದು ಅಲುಗಿಸಿದ, ಆದರೆ ಮತ್ತೆಂದೂ ನಮ್ಮ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ. ಮಾಲಕರು ನನ್ನನ್ನು ಹೊಗಳಿದರು. ಹೊಗಳಿ, ಸ್ವಲ್ಪ ದಿನಕ್ಕೆ ಟಿಕೇಟು ಮಾಡಿಸಿ ಊರಿಗೆ ಕಳಿಸಿದರು. ಅಂಥ ಅಡುಗೆಮನೆಯಿಂದ ಬಂದವನ ಮುಖ ದಿನಾ ನೋಡಲು ಅವರಿಗೂ ಆಗಲಿಲ್ಲವೇನೋ.

ನನಗಿಂತ ಮೊದಲೇ ಸುದ್ದಿ ಊರು ಮುಟ್ಟಿತ್ತು. 'ಉಂಡ ಮನಿ ಗಳಾ ಎಣಿಸ್ಯಾನ' ಎಂದಿತು ಊರು. ಯಾವುದೋ ದೇಶದ ಯಾವುದೋ ಮೃಗಕ್ಕಾಗಿ ಅನ್ನ ಕೊಟ್ಟ ಸ್ವಾದರಮಾವನನ್ನು ಜೈಲಿಗೆ ಹಾಕಿಸಿದವನು ನಾನು. ಮೃಗಕ್ಕಾಗಿ ಅಲ್ಲ, ಮನುಷ್ಯನೊಬ್ಬ ಸತ್ತಿದ್ದಾನೆ ಎಂದರೆ, ಅವನ್ಯಾರು, ನಮ್ಮ ಪೈಕಿಯೇನು ಎನ್ನುತ್ತಿದ್ದರು. ಅತ್ತೆ, ಅಂದರೆ ಮಾವನ ಹೆಂಡತಿ, ಸುರಪುರದಿಂದ ಬಂದು ನಮ್ಮ ಅಂಗಳದಲ್ಲಿ ನಿಂತಳು. ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಲ್ಲಗೆ ಕೇಳಿದಳು:

"ಆ ಸತ್ತಾಂವ ನಿನಗೇನಾಗಬೇಕಿತ್ತಪಾ?"

ಏನು ಹೇಳಲಿ? ರೊಟ್ಟಿಗೆ ಬರುತ್ತಿದ್ದ, ಮಾವ ಎನ್ನುತ್ತಿದ್ದ ಎಂದು ಹೇಳಲೇ? ಅತ್ತೆ ಹೋದಳು. ಅವ್ವ ಒಳಗೆ ಹೋಗಿ ನನಗೆ ತಾಟು ಹಚ್ಚಿದಳು. ಅಂದಿನಿಂದ ನನಗೆ ಬಡಿಸುವುದನ್ನು ಒಂದು ಹೊತ್ತೂ ತಪ್ಪಿಸಲಿಲ್ಲ, ಆದರೆ ತಾಟು ಇಟ್ಟ ಮೇಲೆ ನನ್ನ ಎದುರು ಕೂರುವುದನ್ನು ಬಿಟ್ಟಳು. ನಾನು ಶಹಾಪುರಕ್ಕೆ ಬಂದೆ, ಖಾನಾವಳಿ ಹಾಕಿದೆ, ಮದುವೆಯಾದೆ, ಮಗಳು ಹುಟ್ಟಿದಳು. ಅವ್ವ ನನ್ನ ಜೊತೆಗೇ ಇದ್ದಾಳೆ. ಮಾವನ ಮಾತು ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ.

ಶಿಕ್ಷೆ ಮುಗಿಸಿಕೊಂಡು ಮಾವ ಸುರಪುರಕ್ಕೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದು ಕೇಳಿದೆ. ಹೋಟೆಲ್ ಆಗಲಿಲ್ಲ, ಬೋರ್ಡೂ ಆಗಲಿಲ್ಲ. ಆದರೆ ಚಹಾದಂಗಡಿಯ ಕಟ್ಟೆಯ ಮೇಲೆ ಅವನಿಗೊಂದು ಜಾಗವಾಯಿತು. ಅಲ್ಲಿ ಕುಳಿತು ಆಫ್ರಿಕಾದ ಕತೆ ಹೇಳುತ್ತಿದ್ದ. ಸಿಂಹದ ಉಸಿರು ಜೀಪಿನ ಬಾಗಿಲಿಗೆ ತಾಕಿದ್ದು, ಆನೆಗಳು ದಾರಿ ಕಟ್ಟಿ ನಿಂತದ್ದು, ಖಡ್ಗಮೃಗಕ್ಕೆ ಕಣ್ಣು ಮಂದ, ಕಿವಿ ಚುರುಕು ಎನ್ನುವುದು. ಅವನ ಕತೆ ಕೇಳಲು ಹಳ್ಳಿಗಳಿಂದ ಬಂದ ಮಂದಿ ಊರಿಗೆ ಮರಳುವ ಬಸ್ಸನ್ನೇ ತಪ್ಪಿಸಿಕೊಳ್ಳುತ್ತಿದ್ದರಂತೆ. ಜೈಲಿನ ಮಾತು ಬಂದರೆ, ಆ ದೇಶದವರು ತಮ್ಮವನನ್ನು ಉಳಿಸಿಕೊಳ್ಳಲು ಪರದೇಶಿಯನ್ನು ಸಿಕ್ಕಿಸಿದರು ಎನ್ನುತ್ತಿದ್ದನಂತೆ. ಮಂದಿ ಚುಚ್ ಎನ್ನುತ್ತಿದ್ದರು. ಆ ಕತೆಯಲ್ಲಿ ಗೈಡ್ ಇದ್ದ, ಪೊಲೀಸರಿದ್ದರು, ನಾನೂ ಇದ್ದೆ. ಗಾರ್ಡ್ ಎಲ್ಲಿಯೂ ಇರಲಿಲ್ಲ.

ಒಂದು ಸಂಜೆ ಮಗಳು ಶಾಲೆಯಿಂದ ಕುಣಿಯುತ್ತ ಬಂದಳು. "ಅಪ್ಪಾ, ಇವತ್ತ ನಮ್ಮ ಸಾಲಿಗಿ ಒಬ್ಬ ಅಜ್ಜ ಬಂದಿದ್ರು. ಆಫ್ರಿಕಾದಾಗ ಇದ್ರಂತ. ಶಾಲು ಹಾಕಿದ್ರು ಅವರಿಗಿ. ಪ್ರಾಣಿ ಉಳಸ್ರಿ ಮಕ್ಕಳಾ ಅಂತ ಹೇಳಿದ್ರು. ಗೇಂಡಾಮೃಗದ ಮರಿ ಹ್ಯಾಂಗ ಅಳತದ ಗೊತ್ತೇನು ನಿನಗ? ಅವ್ರು ಮಾಡಿ ತೋರ್ಸಿದ್ರು." ಮೂತಿ ಮುಂದೆ ಮಾಡಿ ಅವಳು ಕೂಗಿದಳು. ಸಣ್ಣ ಪೀಪಿಯಂಥ ಆ ಕೀಚಲು ಕೂಗು.

ಮಾವ ಅದನ್ನು ಎಂದೂ ಕೇಳಿರಲಿಲ್ಲ. ಆ ಬೆಳಿಗ್ಗೆ ಅವನು ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ಅವನು ಕಲಿತದ್ದು ನನ್ನ ಬಾಯಿಂದ, ಪೂರಿಯ ಬಾಣಲೆಯ ಮುಂದೆ. ಆ ಅಜ್ಜ ತನಗೆ ನಂಟನೆಂದು ಮಗಳಿಗೆ ಗೊತ್ತಿರಲಿಲ್ಲ. ಒಳಗೆ ಅವ್ವ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತದ್ದನ್ನು ನೋಡಿದೆ.

ಮರುದಿನ ಸುರಪುರದ ಬಸ್ಸು ಹತ್ತಿದೆ. ಕಟ್ಟೆಯ ಮೇಲೆ ಮಾವ ಇದ್ದ. ನನ್ನನ್ನು ಕಂಡು ಸುತ್ತಲಿದ್ದವರು ಎದ್ದು ಸರಿದರು. ಅವನು ಗಾಬರಿಯಾಗಲಿಲ್ಲ. ನಾನು ನಿನ್ನೆಯಷ್ಟೇ ಎದ್ದು ಹೋದವನೇನೋ ಎಂಬಂತೆ ಜಾಗ ಮಾಡಿದ. ನಾನು ಕೂರಲಿಲ್ಲ.

"ಸಾಲ್ಯಾಗ ಮರಿ ಅಳೂದು ಮಾಡಿ ತೋರಿಸಿದ್ಯಂತ."

"ಹುಡುಗ್ರು ಕೇಳಿದ್ರು."

"ಗಾರ್ಡಂದು ಹೇಳಿದೇನು?"

ಮಾವ ರಸ್ತೆಯತ್ತ ನೋಡಿದ. ಜೋಳದ ಮೂಟೆ ಹೇರಿದ ಟ್ರ್ಯಾಕ್ಟರೊಂದು ಹೋಯಿತು.

"ಅವನ್ನ ಕತಿಯೊಳಗ ತಂದ್ರ ನಾ ಹೊರಗ ಬರಾಕ ಆಗಂಗಿಲ್ಲ ಅಳಿಯಾ," ಎಂದ. "ನಾಕು ಮಂದಿ ಕುಂತು ಕೇಳ್ತಾರ. ಅಷ್ಟ ಉಳದದ ನನಗ. ಅದನ್ನೂ ತಗೋತಿಯೇನು?"

ಬೈಯಲೆಂದೇ ಹೋಗಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನ ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು, ಅಂಗಿಯ ಕಾಲರು ಸಡಿಲವಾಗಿತ್ತು. ಮನಿಗಿ ಬಾ, ಉಂಡು ಹೋಗು ಎಂದ. ಒಲ್ಲೆ ಎಂದೆ. ಅದೇ ಕೊನೆ.

ಹೋದ ವರ್ಷ ಮಾವ ತೀರಿಕೊಂಡ. ಅವ್ವನನ್ನು ಕರೆಯಲು ಬಂದವರು ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೂ ಮಣ್ಣಿಗೆ ಹೋದೆ. ಊರ ಅರ್ಧ ಮಂದಿ ನೆರೆದಿತ್ತು. ನಾನು ಒಂದು ಹಿಡಿ ಮಣ್ಣು ತೆಗೆದುಕೊಂಡು ಕುಣಿಯ ಹತ್ತಿರ ಹೋದಾಗ ಮಾವನ ಮಗ ಅಡ್ಡ ಬಂದ. "ನೀ ಹಾಕೂದು ಹಾಕಿ ಆಗ್ಯದ. ಆಚಿ ಸರಿ," ಎಂದ. ಯಾರೂ ಅವನನ್ನು ತಡೆಯಲಿಲ್ಲ, ಅವ್ವ ಕೂಡ. ಆ ಮಣ್ಣನ್ನು ಕೈಯಲ್ಲೇ ಹಿಡಿದು ಬೇಲಿಯ ಆಚೆ ನಿಂತೆ. ಎಲ್ಲರೂ ಮಾವನ ಒಳ್ಳೆಯತನ ಆಡಿಕೊಂಡು ಅಳುತ್ತಿದ್ದರು. ಅವರು ಹೇಳಿದ ಒಂದೊಂದು ಮಾತೂ ನಿಜ. ನನಗೂ ಅಳು ಬಂತು. ಆದರೆ ಅವರ ಜೊತೆ ನಿಂತು ಅಳಲಾರೆ. ಆ ದೂರದ ದೇಶದಲ್ಲಿ ಗಾರ್ಡನಿಗಾಗಿ ಅತ್ತವರ ಜೊತೆ ನಿಂತು ಮಾವನಿಗಾಗಿ ಅಳಲಾರೆ. ನನಗೆ ಅಳಲು ಒಂದು ಮನೆಯಿಲ್ಲದಂತೆ ಮಾಡಿ ಹೋದ ಅವನು…

ಹೋದ ವಾರ, ಕೊಂಬು ಹೆರೆಯುವವನನ್ನು ನೋಡಿ ಬಂದ ದಿನ, ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ ಊಟಕ್ಕೆ ಕುಳಿತಿದ್ದೆ. ಅವ್ವ ತಾಟು ತಂದಿಟ್ಟಳು. ಒಳಗೆ ಹೋಗುತ್ತಾಳೆ ಎಂದು ತಲೆ ಬಗ್ಗಿಸಿದೆ. ಅವಳು ಹೋಗಲಿಲ್ಲ. ಗೋಡೆ ಹಿಡಿದುಕೊಂಡು, ಮೊಣಕಾಲು ನೋಯಿಸಿಕೊಂಡು, ನನ್ನ ಎದುರು ಕುಳಿತಳು.

"ಆ ಗಾರ್ಡಗ ಮಕ್ಕಳಿದ್ದುವೇನು?" ಎಂದಳು.

ಇಷ್ಟು ವರ್ಷಗಳಲ್ಲಿ ಅವನ ಮನೆಯವರ ಬಗ್ಗೆ ಕೇಳಿದವರು ಅವಳೊಬ್ಬಳೇ.

"ಇದ್ದು, ಅವ್ವ. ಎರಡು ಹೆಣ್ಣು."

"ಸಣ್ಣವೇನು?"

"ಅವಾಗ ಸಣ್ಣವಿದ್ದು."

ಅವ್ವ ತಲೆಯಾಡಿಸಿದಳು. "ನನ್ನ ತಮ್ಮ…" ಎಂದವಳು ತಾಟಿನ ಅಂಚಿಗೆ ಹತ್ತಿದ್ದ ಅನ್ನದ ಅಗುಳನ್ನು ಬೆರಳಿಂದ ಒಳಕ್ಕೆ ಸರಿಸಿದಳು. ಇಬ್ಬರೂ ಹಾಗೇ ಕುಳಿತಿದ್ದೆವು, ತಾಟಿನಲ್ಲಿ ಅನ್ನ ಆರುವತನಕ.